ನಾನೆಲ್ಲಿದ್ದೇನೆ ಎಂದು ಹೇಳುವ ಪುಟ್ಟ ರೇಡಿಯೋ

(ಚಾಮರಾಜಪೇಟೆಯಲ್ಲಿ ನಡೆದ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ನನ್ನ ಕೈಯಲ್ಲಿರುವ ಈ ಡಬ್ಬಿಯನ್ನು ನೋಡಿ. ಇದು ಸೋಪಿನ ಡಬ್ಬಿ. ಇದರೊಳಗೆ ಒಂದು ಪುಟ್ಟ ಯಂತ್ರವಿದೆ. ಇದರಿಂದ ಹೊರಟ ವೈರನ್ನು ವಾಕಿಟಾಕಿಗೆ ಜೋಡಿಸಿದರೆ, ನಾನು ಎಲ್ಲಿದ್ದೇನೆ ಎಂಬುದನ್ನು ಎರಡು ನಿಮಿಷಕ್ಕೊಮ್ಮೆ ರೇಡಿಯೋ ಮೂಲಕ ತಾನೇ ಹೇಳುತ್ತದೆ. ಸಭೆಗೆ ಮುಂಚೆ ಒಬ್ಬ ಹುಡುಗ ಕೇಳಿದ, "ಸರ್, ಇದನ್ನು ಮೊಬೈಲೇ ಮಾಡುತ್ತದಲ್ಲ?" ಒಳ್ಳೆಯ ಪ್ರಶ್ನೆ. ಅಲ್ಲಿಂದಲೇ ಆರಂಭಿಸುತ್ತೇನೆ.

ಮೊಬೈಲಿಗೆ ತಾನಿರುವ ಸ್ಥಳ ತಿಳಿಯುವುದು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹಗಳಿಂದ. ಅದಕ್ಕೆ ಟವರ್ ಬೇಕಿಲ್ಲ. ಆದರೆ ತಿಳಿದದ್ದನ್ನು ಇನ್ನೊಬ್ಬರಿಗೆ ಹೇಳಲು ಟವರ್ ಬೇಕು. ಟವರ್ ಬಿದ್ದರೆ, ಇಲ್ಲವೇ ಅದಕ್ಕೆ ಕರೆಂಟ್ ಹೋದರೆ, ಮೊಬೈಲಿಗೆ ತಾನೆಲ್ಲಿದ್ದೇನೆಂದು ಗೊತ್ತಿರುತ್ತದೆ, ಮನೆಯವರಿಗೆ ಗೊತ್ತಿರುವುದಿಲ್ಲ. 2004ರ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿದಾಗ ಅಂಡಮಾನಿನಲ್ಲಿ ಹೀಗೆಯೇ ಸಂಪರ್ಕ ಕಡಿದುಹೋಯಿತು. ಆ ದಿನಗಳಲ್ಲಿ ಹವ್ಯಾಸಕ್ಕಾಗಿ ಪೋರ್ಟ್ ಬ್ಲೇರ್‌ಗೆ ಹೋಗಿದ್ದ ಭಾರತಿ ಪ್ರಸಾದ್ ಮತ್ತು ಅವರ ಹ್ಯಾಮ್ ತಂಡ ತಮ್ಮ ರೇಡಿಯೋಗಳಿಂದಲೇ ದ್ವೀಪದವರ ಸುದ್ದಿಯನ್ನು ಹೊರಗಿನವರಿಗೆ ತಲುಪಿಸಿತು. ಹವ್ಯಾಸಿ ರೇಡಿಯೋ ನಡೆಸುವವರನ್ನು ಹ್ಯಾಮ್ ಎನ್ನುತ್ತಾರೆ. ಅವರ ಬಳಿ ಇದ್ದದ್ದು ಸ್ವಂತ ರೇಡಿಯೋ, ಸ್ವಂತ ಬ್ಯಾಟರಿ ಮತ್ತು ಕಲಿತ ವಿದ್ಯೆ.

ಈ ಡಬ್ಬಿಯ ವಿಧಾನಕ್ಕೆ ಎಪಿಆರ್‌ಎಸ್ ಎಂದು ಹೆಸರು. ಇದನ್ನು ರೂಪಿಸಿದವರು ಅಮೆರಿಕದ ನೌಕಾ ಅಕಾಡೆಮಿಯಲ್ಲಿದ್ದ ಬಾಬ್ ಬ್ರುನಿಂಗಾ. ಅವರು 2022ರಲ್ಲಿ ತೀರಿಕೊಂಡರು. ಇದರ ಕೆಲಸ ಸರಳ. ಜಿಪಿಎಸ್ ತುಣುಕು ಅಕ್ಷಾಂಶ, ರೇಖಾಂಶ ಹೇಳುತ್ತದೆ. ಒಂದು ಸಣ್ಣ ಚಿಪ್ ಅದಕ್ಕೆ ಕಾಲ್‌ಸೈನ್, ಅಂದರೆ ಸರ್ಕಾರ ಕೊಟ್ಟ ರೇಡಿಯೋ ಹೆಸರು, ಸೇರಿಸಿ ಎಂಬತ್ತು ಅಕ್ಷರಗಳ ಆಸುಪಾಸಿನ ಒಂದು ಚೀಟಿ ಮಾಡುತ್ತದೆ. ಆ ಚೀಟಿಯನ್ನು 1200 ಮತ್ತು 2200 ಹರ್ಟ್ಸ್‌ನ ಎರಡು ಸ್ವರಗಳಾಗಿ ಬದಲಿಸಿ ವಾಕಿಟಾಕಿಯ ಮೈಕಿಗೆ ಕೊಡುತ್ತದೆ. ಸೆಕೆಂಡಿಗೆ 1200 ಬಿಟ್ ವೇಗ. ಎಂಬತ್ತು ಅಕ್ಷರಕ್ಕೆ 640 ಬಿಟ್. ಅಂದರೆ ಅರ್ಧ ಸೆಕೆಂಡಿಗಿಂತ ತುಸು ಹೆಚ್ಚು ಹೊತ್ತಿನಲ್ಲಿ ಮಾತು ಮುಗಿಯಿತು. ಕಿವಿಗೆ "ಬರ್ರ್" ಎಂದು ಕೇಳುತ್ತದೆ, ಅಷ್ಟೆ. ಸಾಮಾನ್ಯವಾಗಿ ಸ್ಥಳವನ್ನು ನಿಮಿಷದ ನೂರನೇ ಒಂದು ಭಾಗದವರೆಗೆ ಬರೆಯುತ್ತಾರೆ. ಅದು ನೆಲದ ಮೇಲೆ ಸುಮಾರು 18 ಮೀಟರ್. ನಮ್ಮ ಪೇಟೆಯಲ್ಲಿ ಒಂದೆರಡು ಮನೆಗಳ ಅಂತರ. ಹುಡುಕಿ ಹೊರಟವರಿಗೆ ಅಷ್ಟು ಸಾಕು.

ಈ ಚೀಟಿಯನ್ನು ಹಿಡಿಯಲು ಇನ್ನೊಂದು ರೇಡಿಯೋ ಮತ್ತು ಒಂದು ಹಳೆಯ ಕಂಪ್ಯೂಟರ್ ಇದ್ದರೆ ಆಯಿತು. ಸ್ವರವನ್ನು ಅಕ್ಷರ ಮಾಡುವ 'ಡೈರ್‌ವುಲ್ಫ್' ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಎತ್ತರದಲ್ಲಿ ಒಂದು ಯಂತ್ರವಿಟ್ಟರೆ ಕೇಳಿದ್ದನ್ನು ಮತ್ತೆ ಕೂಗಿ ಇನ್ನೂ ದೂರ ಕಳಿಸುತ್ತದೆ. ಬಸವನಗುಡಿಯ ಕಹಳೆ ಬಂಡೆಯ ಮೇಲೆ ನಿಂತು ಹಿಂದೆ ಕಾವಲುಗಾರರು ಕಹಳೆ ಊದಿ ಊರನ್ನು ಎಚ್ಚರಿಸುತ್ತಿದ್ದರು ಎಂದು ಹಿರಿಯರು ಹೇಳುತ್ತಾರೆ. ತತ್ತ್ವ ಅದೇ. 2019ರ ಏಪ್ರಿಲ್ 1ರಂದು ಇಸ್ರೋ ಹಾರಿಸಿದ ಪಿಎಸ್‌ಎಲ್‌ವಿ-ಸಿ45 ರಾಕೆಟ್ಟಿನ ನಾಲ್ಕನೇ ಹಂತದಲ್ಲಿ ಆಮ್‌ಸ್ಯಾಟ್ ಇಂಡಿಯಾದ ಇಂಥದೇ ಒಂದು ಯಂತ್ರ ಬಾಹ್ಯಾಕಾಶಕ್ಕೆ ಹೋಗಿತ್ತು. ಅದಕ್ಕೂ ಮುಂಚೆ, 2005ರ ಮೇ 5ರಂದು, ಹ್ಯಾಮ್‌ಗಳಿಗಾಗಿಯೇ ಇಸ್ರೋ ನಿರ್ಮಿಸಿದ 42.5 ಕಿಲೋ ತೂಕದ ಹ್ಯಾಮ್‌ಸ್ಯಾಟ್ ಉಪಗ್ರಹ ಮೇಲೇರಿತ್ತು. ಅದು 2014ರವರೆಗೆ ಕೆಲಸ ಮಾಡಿತು. ಇದು ನಮ್ಮೂರಿಗೆ ಪರಕೀಯವಾದ ವಿದ್ಯೆಯಲ್ಲ.

ಇನ್ನು ಖರ್ಚಿನ ವಿಚಾರ. ಇಲ್ಲಿಂದ ಕೆ.ಆರ್. ಮಾರ್ಕೆಟ್ ದಾಟಿದರೆ ಎಸ್.ಪಿ. ರೋಡ್. ಒಂದು ಜಿಪಿಎಸ್ ಮಾಡ್ಯೂಲ್, ಒಂದು ಆರ್ಡುಯಿನೋ ನ್ಯಾನೋ ಬೋರ್ಡ್, ಒಂದು ಟ್ರಾನ್ಸಿಸ್ಟರ್, ಒಂದು ಪ್ರಿಸೆಟ್, ಕೆಲವು ರೆಸಿಸ್ಟರ್ ಮತ್ತು ಕೆಪಾಸಿಟರ್, ವಾಕಿಟಾಕಿಗೆ ಹೊಂದುವ ಪ್ಲಗ್. ಇವೆಲ್ಲ ನನಗೆ ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಕ್ಕವು. ವಾಕಿಟಾಕಿಯ ಬೆಲೆ ಬೇರೆ. ಟ್ರಾನ್ಸಿಸ್ಟರ್ ಮಾಡುವುದು ನಿಮ್ಮ ಹೆಬ್ಬೆರಳಿನ ಕೆಲಸ. ಮಾತನಾಡುವ ಗುಂಡಿ ಒತ್ತುತ್ತದೆ. ಪ್ರಿಸೆಟ್ ಸ್ವರದ ಮಟ್ಟವನ್ನು ಹೆಚ್ಚು ಕಡಿಮೆ ಮಾಡುತ್ತದೆ. ಈ ಪ್ರಿಸೆಟ್ ಐದು ರೂಪಾಯಿಯ ವಸ್ತು. ಅದರಿಂದ ನಾನು ಕಲಿತ ಪಾಠವನ್ನು ತಮ್ಮ ಮುಂದೆ ಒಪ್ಪಿಕೊಳ್ಳಬೇಕು.

ಮೊದಲ ಡಬ್ಬಿ ಮಾಡಿದಾಗ ಮನೆಯಲ್ಲಿ ಇನ್ನೊಂದು ರೇಡಿಯೋ ಹಿಡಿದು ಕೇಳಿದೆ. "ಬರ್ರ್" ಎಂದು ಜೋರಾಗಿ ಕೇಳಿತು. ಸರಿಯಾಗಿದೆ ಅಂದುಕೊಂಡೆ. ಒಂದು ಭಾನುವಾರ ಸಾವನದುರ್ಗಕ್ಕೆ ಹೋದೆವು. ಲೈಸೆನ್ಸ್ ಪಡೆದಿದ್ದ ನನ್ನ ಒಬ್ಬ ವಿದ್ಯಾರ್ಥಿ ಡಬ್ಬಿ ಕಟ್ಟಿಕೊಂಡು ಗೆಳೆಯರೊಂದಿಗೆ ಬೆಟ್ಟ ಹತ್ತಿದ. ನಾನು ಕೆಳಗೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತೆ. ಎರಡು ನಿಮಿಷಕ್ಕೊಮ್ಮೆ ಸದ್ದು ಬರುತ್ತಿತ್ತು, ಪರದೆಯ ಮೇಲೆ ಮಾತ್ರ ಏನೂ ಇಲ್ಲ. ಮೈಕಿನಲ್ಲಿ ಕರೆದೆ. ಪ್ಲಗ್ ಚುಚ್ಚಿದ್ದರಿಂದ ಅವನ ವಾಕಿಟಾಕಿಯ ಸ್ಪೀಕರ್ ಬಂದ್ ಆಗಿತ್ತು; ಅವನಿಗೆ ಕೇಳಲಿಲ್ಲ. ಅವನ ಮೊಬೈಲಿಗೆ ಸಿಗ್ನಲ್ ಇಲ್ಲ. ಸಂಜೆಯಾಗುತ್ತ ಬಂತು. ಅವನ ತಾಯಿ ನನ್ನ ಫೋನಿಗೆ ಮೇಲಿಂದ ಮೇಲೆ ಕರೆ ಮಾಡಿ, "ಎಲ್ಲಿದ್ದಾನೆ ಸರ್, ಇಳಿಯುತ್ತಿದ್ದಾನಾ?" ಎಂದು ಕೇಳಿದರು. ಅದನ್ನು ಹೇಳುವುದಕ್ಕೆಂದೇ ಮಾಡಿದ ಯಂತ್ರ ನನ್ನ ಮುಂದಿತ್ತು, ನನ್ನ ಬಳಿ ಉತ್ತರವಿರಲಿಲ್ಲ. ಕತ್ತಲಾಗುವ ಹೊತ್ತಿಗೆ ಹುಡುಗರು ಬೇರೆ ದಾರಿಯಿಂದ ಇಳಿದು ಬಂದರು. ಏನೂ ಆಗಿರಲಿಲ್ಲ. ಆದರೆ ಆ ಎರಡು ಗಂಟೆಗಳನ್ನು ನಾನು ಮರೆತಿಲ್ಲ.

ತಪ್ಪು ನನ್ನದೇ. ಸ್ವರದ ಮಟ್ಟ ಹೆಚ್ಚಾಗಿ ಧ್ವನಿ ಒಡೆದಿತ್ತು. ನಮ್ಮ ಕಿವಿಗೆ ಜೋರಾದದ್ದೆಲ್ಲ ಸರಿ ಎನಿಸುತ್ತದೆ, ಕಂಪ್ಯೂಟರಿಗೆ ಅದು ಓದಲಾಗದ ಬರಹ. ಪ್ರಿಸೆಟ್ಟನ್ನು ಕಾಲು ಸುತ್ತು ಹಿಂದೆ ತಿರುಗಿಸಿದ ಮೇಲೆ ಎಲ್ಲ ಚೀಟಿಗಳೂ ಸರಿಯಾಗಿ ಬಂದವು. ಈಗ ಪ್ಲಗ್‌ಗೆ ಒಂದು ಇಯರ್‌ಫೋನ್ ಕೂಡ ಜೋಡಿಸಿದ್ದೇನೆ. ಆದ್ದರಿಂದ ನೀವು ಡಬ್ಬಿ ಮಾಡುವ ಮೊದಲು ಅದನ್ನು ಓದುವ ಕಡೆಯನ್ನು ಸಿದ್ಧಮಾಡಿ. ಸದ್ದು ಬಂತು ಎಂದು ತೃಪ್ತಿಪಡಬೇಡಿ. ಪರದೆಯ ಮೇಲೆ ನಿಮ್ಮ ಹೆಸರು ಬಂತೇ ನೋಡಿ.

ಇನ್ನೊಂದು ಮುಖ್ಯ ವಿಷಯ ಕಾನೂನು. ಲೈಸೆನ್ಸ್ ಇಲ್ಲದೆ ಈ ಡಬ್ಬಿಯಿಂದ ಒಂದು ಸೆಕೆಂಡ್ ಕೂಡ ಪ್ರಸಾರ ಮಾಡುವಂತಿಲ್ಲ. ಕೇಂದ್ರ ಸಂಪರ್ಕ ಸಚಿವಾಲಯದ ಡಬ್ಲ್ಯುಪಿಸಿ ವಿಭಾಗದ ಪರೀಕ್ಷೆಯಿದೆ. ರೇಡಿಯೋ ಸಿದ್ಧಾಂತ ಮತ್ತು ನಿಯಮಗಳು ಅದರ ಮುಖ್ಯ ವಿಷಯಗಳು. ಪಿಯುಸಿಯ ಭೌತಶಾಸ್ತ್ರ ಓದಿದವರಿಗೆ ಇದು ಕಷ್ಟವಲ್ಲ. ತಾಯಂದಿರಿಗೂ ಒಂದು ಮಾತು: ಲೈಸೆನ್ಸ್ ಇಲ್ಲದ ಮಗುವಿನ ಶಾಲೆಯ ಚೀಲದಲ್ಲಿ ಇದನ್ನು ಇಡುವಂತಿಲ್ಲ. ವ್ಯಾಪಾರದ ಟೆಂಪೋಗೂ ಹಾಕುವಂತಿಲ್ಲ. ಹ್ಯಾಮ್ ರೇಡಿಯೋದಲ್ಲಿ ಗುಟ್ಟಿನ ಮಾತಿಗೂ ಅವಕಾಶವಿಲ್ಲ. ಈ ಡಬ್ಬಿ ಹೇಳುವ ಸ್ಥಳವನ್ನು ಯಾರು ಬೇಕಾದರೂ ಕೇಳಬಹುದು. ಆದ್ದರಿಂದ ಮನೆಯೊಳಗೆ, ಒಂಟಿಯಾಗಿ ಓಡಾಡುವಾಗ ಆರಿಸಿಡಿ. ಬೆಟ್ಟದಲ್ಲಿ, ಪ್ರವಾಹದಲ್ಲಿ, ನಾಲ್ಕು ಜನರಿಗೆ ನೆರವಾಗುವಾಗ ಹಚ್ಚಿ.

ಕೊನೆಯದಾಗಿ ಸಂಘದ ಹಿರಿಯರಲ್ಲಿ ನನ್ನ ವಿನಂತಿ. ಬಹುಮಾನದ ಹಣದಲ್ಲಿ ಸ್ವಲ್ಪ ಭಾಗ ತೆಗೆದು ಗ್ರಂಥಾಲಯದ ಒಂದು ಮೂಲೆಯಲ್ಲಿ ಮೇಜು, ಎರಡು ಸೋಲ್ಡರಿಂಗ್ ಐರನ್, ಒಂದು ಹಳೆಯ ಕಂಪ್ಯೂಟರ್ ಇಡಿ. ಭಾನುವಾರ ಬೆಳಿಗ್ಗೆ ಬಂದು ಪಾಠ ಹೇಳುವುದು ನನ್ನ ಜವಾಬ್ದಾರಿ. ಈ ವರ್ಷ ಹತ್ತು ಮಕ್ಕಳು, ಹೆಣ್ಣುಮಕ್ಕಳೂ ಸೇರಿ, ಆ ಪರೀಕ್ಷೆಗೆ ಕೂರಲಿ. ಮುಂದೊಂದು ದಿನ ಯಾವ ಊರಿನಲ್ಲೋ ಟವರ್ ಬಿದ್ದಾಗ, ಯಾರದೋ ತಾಯಿ "ನನ್ನ ಮಗ ಎಲ್ಲಿದ್ದಾನೆ" ಎಂದು ಕೇಳಿದಾಗ, ನಮ್ಮ ಮಕ್ಕಳ ಬಳಿ ಉತ್ತರವಿರಲಿ.