ಒಂದು ಅಕ್ಷರದಲ್ಲಿ ಮುಗಿಯದ ಪರೀಕ್ಷೆ



ಪ್ರೋಬ್ ಕಿವಿಗಿಟ್ಟು ಅರ್ಧ ನಿಮಿಷ ಆಗುವಷ್ಟರಲ್ಲಿ ಇಂದಿನ ಟಿಂಪನೊಮೀಟರ್ ಚೀಟಿ ಹೊರಹಾಕಿರುತ್ತದೆ. ಅದರಲ್ಲೊಂದು ಗ್ರಾಫ್, ಎರಡು ಮೂರು ಅಂಕಿ, ಟೈಪ್ ಎ, ಬಿ ಅಥವಾ ಸಿ ಎಂಬ ಅಕ್ಷರ, ಕೆಳಗೆ ರಿಫ್ಲೆಕ್ಸ್ ‘ಇದೆ’ ಅಥವಾ ‘ಇಲ್ಲ’. ಓಪಿಡಿಯ ನೂಕುನುಗ್ಗಲಿನಲ್ಲಿ ನಮ್ಮ ಕಣ್ಣು ಮೊದಲು ಆ ಅಕ್ಷರಕ್ಕೆ ಹೋಗುತ್ತದೆ. ಎಷ್ಟೋ ಸಲ ಅಲ್ಲಿಗೇ ನಿಂತುಬಿಡುತ್ತದೆ. ಅಕ್ಷರವನ್ನು ಯಂತ್ರ ಅಚ್ಚುಮಾಡಲಿ, ಅದನ್ನು ಒಪ್ಪುವ ಅಥವಾ ತಳ್ಳಿಹಾಕುವ ಹೊಣೆ ಚೀಟಿಗೆ ಸಹಿ ಹಾಕುವವರ ಕೈಯಲ್ಲೇ ಉಳಿಯಲಿ ಎಂಬುದು ಈ ವಿಚಾರ ಸಂಕಿರಣದ ಆಶಯ.

ವಿದ್ಯಾರ್ಥಿಗಳಿಗಾಗಿ, ಯಂತ್ರ ಮಾಡುವ ಕೆಲಸವನ್ನು ಮೊದಲು ಹೇಳಿಬಿಡುತ್ತೇನೆ. ಪ್ರೋಬಿನ ತುದಿಯಲ್ಲಿ ಮೂರು ಸಣ್ಣ ದಾರಿಗಳಿವೆ. ಒಂದರಿಂದ 226 ಹರ್ಟ್ಸ್ ನಾದ ಒಳಹೋಗುತ್ತದೆ, ಇನ್ನೊಂದರಲ್ಲಿ ಮೈಕ್ರೊಫೋನ್ ಇದೆ, ಮೂರನೆಯದು ಗಾಳಿಯ ಪಂಪಿಗೆ ಸೇರಿದ್ದು. ಟಿಪ್ ಗಾಳಿ ಸೋರದಂತೆ ಕೂತಿತೆಂದು ತಿಳಿದ ಕೂಡಲೇ ಪಂಪು ಕಿವಿನಾಳದ ಒತ್ತಡವನ್ನು ಪ್ಲಸ್ 200 ಡೆಕಾಪಾಸ್ಕಲ್‌ಗೆ ಏರಿಸಿ, ಅಲ್ಲಿಂದ ಮೈನಸ್ 400ರ ಕಡೆಗೆ ಇಳಿಸುತ್ತಾ ಹೋಗುತ್ತದೆ. ಒತ್ತಡ ಹೆಚ್ಚಿದ್ದಾಗ ಕಿವಿತಮಟೆ ಬಿಗಿದು ನಾದವನ್ನು ಹಿಂದಕ್ಕೆ ತಳ್ಳುತ್ತದೆ. ತಮಟೆಯ ಎರಡೂ ಬದಿಯ ಒತ್ತಡ ಸಮವಾದಾಗ ಅದು ತೀರಾ ಸಡಿಲವಾಗಿ, ನಾದವನ್ನು ಹೆಚ್ಚು ಒಳಬಿಡುತ್ತದೆ. ಗ್ರಾಫಿನಲ್ಲಿ ಶಿಖರ ಮೂಡುತ್ತದೆ. ಶಿಖರ ನಿಂತ ಜಾಗವೇ ಮಧ್ಯಕಿವಿಯ ಒತ್ತಡ. ಅದು ಸೊನ್ನೆಯ ಆಸುಪಾಸಿನಲ್ಲಿದ್ದರೆ ಟೈಪ್ ಎ. ಶಿರಾಡಿ ಘಾಟಿ ಇಳಿಯುವಾಗ ಕಟ್ಟಿಕೊಂಡ ಕಿವಿ ಎಂಜಲು ನುಂಗಿದರೆ ಬಿಡುವುದು ಯೂಸ್ಟೇಷಿಯನ್ ನಾಳ ತೆರೆಯುವುದರಿಂದ. ಆ ನಾಳ ಸರಿಯಾಗಿ ತೆರೆಯದ ಮಗುವಿನಲ್ಲಿ ಶಿಖರ ಮೈನಸ್ ಕಡೆಗೆ ಜಾರುತ್ತದೆ, ಅದು ಟೈಪ್ ಸಿ. ಮಧ್ಯಕಿವಿಯಲ್ಲಿ ದ್ರವ ತುಂಬಿದರೆ ಗೆರೆ ಸಪಾಟಾಗುತ್ತದೆ, ಅದು ಟೈಪ್ ಬಿ. ಈ ವಿದ್ಯೆಗೆ ಡೆನ್ಮಾರ್ಕಿನ ಒಟ್ಟೊ ಮೆಟ್ಜ್ 1946ರಲ್ಲಿ ತಳಹದಿ ಹಾಕಿದರು. ಅಕ್ಷರಗಳ ವಿಂಗಡಣೆ 1970ರಲ್ಲಿ ಜೇಮ್ಸ್ ಜರ್ಗರ್ ಅವರ ಲೇಖನದಿಂದ ಮನೆಮಾತಾಯಿತು.

ತೊಡಕು ಇರುವುದು ಟೈಪ್ ಬಿಯಲ್ಲಿ. ಮೂರು ಮಕ್ಕಳ ಚೀಟಿಗಳನ್ನು ಮುಂದಿಟ್ಟುಕೊಳ್ಳಿ, ಮೂರರಲ್ಲೂ ಗೆರೆ ಸಪಾಟು. ಮೊದಲನೆಯದರಲ್ಲಿ ಕಿವಿನಾಳದ ಗಾತ್ರ 0.6 ಮಿಲಿಲೀಟರ್, ದ್ರವದ ಶಂಕೆ ಸರಿ, ತುರ್ತು ಲಕ್ಷಣಗಳಿಲ್ಲದಿದ್ದರೆ ಮೂರು ತಿಂಗಳು ಕಾದು ಮತ್ತೆ ನೋಡಬಹುದು. ಎರಡನೆಯದರಲ್ಲಿ 0.2, ಗುಗ್ಗೆ ಅಡ್ಡ ಬಂದಿರಬೇಕು, ಇಲ್ಲವೇ ಪ್ರೋಬ್ ನಾಳದ ಗೋಡೆಗೆ ಒತ್ತಿರಬೇಕು. ಮೂರನೆಯದರಲ್ಲಿ 3, ತಮಟೆ ತೂತಾಗಿರಬಹುದು, ಅಥವಾ ಹಾಕಿದ ಗ್ರಾಮೆಟ್ ತೆರೆದೇ ಇರಬಹುದು. ಅಕ್ಷರ ಒಂದೇ ಆದರೂ ಮೂವರಿಗೂ ಮುಂದಿನ ದಾರಿ ಬೇರೆ ಬೇರೆ. ಆದ್ದರಿಂದ ಮೊದಲು ಗಾತ್ರ ನೋಡಿ, ಆಮೇಲೆ ಶಿಖರ, ಕೊನೆಗೆ ಅಕ್ಷರ.

ಆ ಗಾತ್ರವನ್ನು ನಂಬಬೇಕಾದರೆ ಕ್ಯಾಲಿಬ್ರೇಷನ್ ಸರಿಯಿರಬೇಕು. 226 ಹರ್ಟ್ಸ್‌ನ ಅನುಕೂಲವೆಂದರೆ, ಸಮುದ್ರ ಮಟ್ಟದಲ್ಲಿ 1 ಮಿಲಿಲೀಟರ್ ಗಾಳಿಯ ಅಡ್ಮಿಟೆನ್ಸ್ 1 ಮಿಲಿಮೋ ಆಗುತ್ತದೆ. ಎತ್ತರಕ್ಕೆ ಹೋದಂತೆ ವಾತಾವರಣದ ಒತ್ತಡ ಇಳಿದು, ಅಷ್ಟೇ ಗಾಳಿ ಹೆಚ್ಚು ಗಾತ್ರದಂತೆ ತೋರುತ್ತದೆ. ಮಂಗಳೂರಿನಲ್ಲಿ ಹೊಂದಿಸಿದ ಯಂತ್ರವನ್ನು 900 ಮೀಟರ್ ಎತ್ತರದ ಬೆಂಗಳೂರಿಗೆ ತಂದು ಹಾಗೇ ಬಳಸಿದರೆ 2 ಮಿಲಿಲೀಟರಿನ ಪರೀಕ್ಷಾ ಕ್ಯಾವಿಟಿ ಹತ್ತಿರ ಹತ್ತಿರ 2.2 ಎಂದು ಕಾಣುತ್ತದೆ. ಕ್ಯಾಂಪಿನಿಂದ ಕ್ಯಾಂಪಿಗೆ ಯಂತ್ರ ಹೊತ್ತು ತಿರುಗುವವರು ಇದನ್ನು ಮರೆಯುವಂತಿಲ್ಲ. ಹಾಗೆಯೇ ಆರು ತಿಂಗಳೊಳಗಿನ ಕೂಸಿಗೆ 226 ಸಲ್ಲದು. ಅದರ ಕಿವಿನಾಳದ ಗೋಡೆ ಇನ್ನೂ ಮೆತ್ತಗಿದ್ದು, ದ್ರವವಿದ್ದರೂ ಶಿಖರ ಬಂದುಬಿಡಬಹುದು. ಅಲ್ಲಿ 1000 ಹರ್ಟ್ಸ್ ಬೇಕು.

ಇನ್ನು ರಿಫ್ಲೆಕ್ಸ್. ಜೋರು ಸದ್ದು ಬಿದ್ದಾಗ ಸ್ಟೇಪಿಡಿಯಸ್ ಎಂಬ ಪುಟ್ಟ ಸ್ನಾಯು ಎರಡೂ ಕಿವಿಗಳಲ್ಲಿ ಸೆಟೆಯುತ್ತದೆ. ಸುದ್ದಿ ಎಂಟನೇ ನರದಲ್ಲಿ ಮಿದುಳಿನ ಕಾಂಡಕ್ಕೆ ಹೋಗಿ, ಆಜ್ಞೆ ಏಳನೇ ನರದಲ್ಲಿ ಮರಳುತ್ತದೆ. ಯಂತ್ರ ಶಿಖರದ ಒತ್ತಡದಲ್ಲೇ ನಿಂತು 500ರಿಂದ 4000 ಹರ್ಟ್ಸ್‌ವರೆಗಿನ ನಾದಗಳನ್ನು ಒಂದೊಂದಾಗಿ ಕೊಡುತ್ತಾ, ತೀವ್ರತೆಯನ್ನು 5 ಅಥವಾ 10 ಡೆಸಿಬಲ್‌ನಂತೆ ಏರಿಸುತ್ತದೆ. ಸಾಮಾನ್ಯ ಕಿವಿ 70ರಿಂದ 100 ಡೆಸಿಬಲ್‌ನೊಳಗೆ ಪ್ರತಿಕ್ರಿಯಿಸುತ್ತದೆ. 0.02 ಮಿಲಿಲೀಟರಿನಷ್ಟು ಬದಲಾವಣೆ ಕಂಡರೆ ಸಾಕು, ಯಂತ್ರ ‘ಇದೆ’ ಎನ್ನುತ್ತದೆ. ಅದೇ ಹೊತ್ತಿಗೆ ಮಗು ಎಂಜಲು ನುಂಗಿದರೂ, ಬಿಕ್ಕಿದರೂ, ತಲೆ ಹೊರಳಿಸಿದರೂ ಅಷ್ಟು ಬದಲಾವಣೆ ಆಗಿಬಿಡುತ್ತದೆ. ಗೆರೆಯನ್ನೇ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ನಿಜವಾದ ರಿಫ್ಲೆಕ್ಸ್ ನಾದದೊಂದಿಗೆ ಶುರುವಾಗಿ ನಾದ ನಿಂತ ಮೇಲೆ ತಳಕ್ಕೆ ಮರಳುತ್ತದೆ, ನಾದ ಜೋರಾದಂತೆ ದೊಡ್ಡದಾಗುತ್ತದೆ, ಮತ್ತೆ ಕೊಟ್ಟರೆ ಮತ್ತೆ ಬರುತ್ತದೆ.

ರಿಫ್ಲೆಕ್ಸ್ ಬಂತೆಂದರೆ ಶ್ರವಣ ಸರಿಯಿದೆ ಎಂದಾಗಲಿಲ್ಲ. ಕಾಕ್ಲಿಯದಲ್ಲಿ ಮಧ್ಯಮ ನಷ್ಟವಿದ್ದರೂ ಅದು ಬರಬಹುದು. ಬರಲಿಲ್ಲವೆಂದರೆ ದ್ರವ, ಒಟೊಸ್ಕ್ಲೆರೋಸಿಸ್, ಮುಖದ ನರದ ದೌರ್ಬಲ್ಯ ಇವುಗಳಲ್ಲಿ ಯಾವುದೂ ಇರಬಹುದು. ಮಧ್ಯಕಿವಿ ಸರಿಯಿದ್ದು, ಓಎಇ ಕೂಡ ಸಿಕ್ಕಿ, ರಿಫ್ಲೆಕ್ಸ್ ಮಾತ್ರ ಬಾರದಿದ್ದರೆ ಆಡಿಟರಿ ನ್ಯೂರೋಪತಿ ನೆನಪಿಗೆ ಬರಬೇಕು, ಎಬಿಆರ್‌ಗೆ ಬರೆದುಕೊಡಬೇಕು.

ಮುಂದಿನ ಗೋಷ್ಠಿಗಳಿಂದ ನಾನು ಬಯಸುವುದು ಮೂರು ನಿರ್ಣಯಗಳನ್ನು. ಚೀಟಿಯಲ್ಲಿ ಅಕ್ಷರದ ಜೊತೆ ಗ್ರಾಫ್ ಮತ್ತು ಗಾತ್ರ ಇರಲೇಬೇಕು. ದಿನದ ಮೊದಲ ರೋಗಿಗೆ ಮುನ್ನ ಕ್ಯಾವಿಟಿ ಪರೀಕ್ಷೆ ನಡೆದು, ರಿಜಿಸ್ಟರಿನಲ್ಲಿ ದಾಖಲಾಗಬೇಕು. ‘ಇಲ್ಲ’ ಎಂದು ಬಂದ ರಿಫ್ಲೆಕ್ಸನ್ನು ಮರುಪರೀಕ್ಷಿಸದೆ ವರದಿಗೆ ಏರಿಸಬಾರದು. ಇವಕ್ಕೆ ಹೊಸ ಯಂತ್ರ ಬೇಡ, ದುಡ್ಡೂ ಬೇಡ. ಪ್ರತಿ ರೋಗಿಗೆ ಇನ್ನೆರಡು ನಿಮಿಷ ಬೇಕು. ಆ ಎರಡು ನಿಮಿಷವನ್ನು ಓಪಿಡಿಯಲ್ಲಿ ಎಲ್ಲಿಂದ ತರುವುದು ಎಂಬ ಪ್ರಶ್ನೆಯಿಂದಲೇ ಮೊದಲ ಗೋಷ್ಠಿ ಶುರುವಾಗಲಿ ಎಂದು ಕೋರುತ್ತೇನೆ.