ಮೂರನೆಯ ಎಳೆ

ಬದುಕಿನಲ್ಲಿ ಪೂರಾ ಬೆರೆತುಹೋದುದನ್ನು ‘ಹಾಸುಹೊಕ್ಕಾಗಿದೆ’ ಎನ್ನುತ್ತೇವೆ. ಉದ್ದದ ಎಳೆ ಹಾಸು, ಅಡ್ಡದ ಎಳೆ ಹೊಕ್ಕು. ನಮ್ಮ ಸೀರೆ, ಪಂಚೆ, ಕಂಬಳಿಗಳಿಗೆ ಈ ಎರಡೇ ಸಾಕು. ರತ್ನಗಂಬಳಿಗೆ ಮಾತ್ರ ಮೂರನೆಯದೊಂದು ಬೇಕು. ಹಾಸಿನ ಎಳೆಗಳಿಗೆ ಗಂಟುಬಿದ್ದು, ತುದಿಯನ್ನು ಮೇಲೆತ್ತಿ ನಿಲ್ಲುವ ಉಣ್ಣೆಯ ಎಳೆ ಅದು. ಪಾದಕ್ಕೆ ತಾಗುವ ಮೃದುತ್ವವೂ ಕಣ್ಣಿಗೆ ಕಾಣುವ ಚಿತ್ರವೂ ಅದರದೇ. ಅದನ್ನು ಕಟ್ಟುವುದರಲ್ಲಿ ಟಿಬೆಟ್ಟಿನವರಿಗೆ ತಮ್ಮದೇ ಆದ ಮಾರ್ಗವಿದೆ. ಬೈಲಕುಪ್ಪೆಯಲ್ಲಿ ಅದನ್ನು ಕಣ್ಣಾರೆ ಕಂಡೆ.

ಪರ್ಷಿಯಾದ ನೇಕಾರ ಒಂದೊಂದು ಗಂಟನ್ನು ಹಾಕಿದೊಡನೆಯೂ ನೂಲನ್ನು ಕತ್ತರಿಸುತ್ತಾನೆ. ಟಿಬೆಟ್ಟಿನ ಹೆಂಗಸು ನೆಟ್ಟಗೆ ನಿಂತ ಮಗ್ಗದ ಮುಂದೆ ಕುಳಿತು, ಹಾಸಿಗೆ ಅಡ್ಡಲಾಗಿ ಸರಳೊಂದನ್ನು ಇಡುತ್ತಾಳೆ. ನೂಲನ್ನು ಹಾಸಿನ ಎಳೆಗಳಿಗೆ ಸುತ್ತಿ, ಸರಳಿನ ಮೇಲೆ ಹಾಯಿಸಿ, ಬಣ್ಣ ಬದಲಾಗುವವರೆಗೂ ಕಡಿಯದೆ ಮುಂದುವರಿಯುತ್ತಾಳೆ. ಸಾಲು ತುಂಬಿದ ಮೇಲೆ ಸರಳಿನುದ್ದಕ್ಕೂ ಚಾಕು ಹರಿಯುತ್ತದೆ. ಕುಣಿಕೆಗಳೆಲ್ಲ ಒಮ್ಮೆಗೇ ಬಿಚ್ಚಿ ಉಣ್ಣೆ ಎದ್ದು ನಿಲ್ಲುತ್ತದೆ. ಬಳಿಕ ಹೊಕ್ಕಿನ ಎಳೆ ಹಾಯ್ದು, ಹಣಿಗೆಯ ಪೆಟ್ಟಿಗೆ ಸಾಲು ಬಿಗಿಯಾಗುತ್ತದೆ. ಸರಳಿನ ದಪ್ಪವೇ ಉಣ್ಣೆಯ ಎತ್ತರಕ್ಕೆ ಅಳತೆ. ಚದರ ಅಂಗುಲಕ್ಕೆ 60 ಗಂಟುಗಳೆಂದರೂ, 3 ಅಡಿ ಅಗಲ 6 ಅಡಿ ಉದ್ದದ ಕಂಬಳಿಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಗಂಟುಗಳಾದವು.

ಆ ಅಳತೆ ಆಕಸ್ಮಿಕವಲ್ಲ. ಒಬ್ಬ ಮನುಷ್ಯ ಮಲಗುವಷ್ಟು ಜಾಗ ಅದು. ‘ಖಾದೆನ್’ ಎಂಬ ಈ ಕಂಬಳಿ ಟಿಬೆಟ್ಟಿನ ಮನೆಗಳಲ್ಲಿ ಇರುಳು ಹಾಸಿಗೆ, ಹಗಲು ಆಸನ. ಕುದುರೆಯ ಜೀನಿಗೆ ಬೇರೆ ಕಂಬಳಿ, ಮಠದ ಕಂಬಗಳಿಗೆ ಸುತ್ತಲು ಬೇರೆ. ಮಂಜಿಷ್ಠದ ಕೆಂಪು, ನೀಲಿಗಿಡದ ನೀಲಿಗಳಲ್ಲಿ ಅವರು ತಾವರೆಯನ್ನೂ ಹುಲಿಯನ್ನೂ ಹಿಮಸಿಂಹವನ್ನೂ ನೇಯ್ದರು. ಗ್ಯಾಂಟ್ಸೆ ಪಟ್ಟಣ ಈ ಕಸುಬಿಗೆ ಹೆಸರಾಗಿತ್ತು.

1959ರಲ್ಲಿ ದಲೈಲಾಮಾ ಅವರು ಭಾರತಕ್ಕೆ ಬಂದರು. ಅವರ ಹಿಂದೆ ಸಾವಿರಾರು ಜನ. ಮಗ್ಗ ಹೊತ್ತು ಹಿಮಾಲಯ ದಾಟುವುದುಂಟೆ? ದಾಟಿದ್ದು ಬೆರಳುಗಳ ನೆನಪು. ಅದೇ ವರ್ಷ ಡಾರ್ಜಿಲಿಂಗಿನಲ್ಲಿ, ಮರುವರ್ಷ ಕಠ್ಮಂಡುವಿನ ಬಳಿಯ ಜಾವಲಾಖೇಲ್‌ನಲ್ಲಿ ನಿರಾಶ್ರಿತರ ಕೇಂದ್ರಗಳು ಎದ್ದವು. ಕಂಬಳಿ ಅಲ್ಲಿ ಅನ್ನದ ದಾರಿಯಾಯಿತು. ಅಂದಿನ ಮೈಸೂರು ಸರ್ಕಾರ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ನೆಲ ಕೊಟ್ಟಿತು. ಕಾಡು ಕಡಿದು ಜೋಳ ಬಿತ್ತಿದ ಕೈಗಳೇ ಇಲ್ಲಿಯೂ ಮಗ್ಗ ಹೂಡಿದವು. ನೇಪಾಳದಲ್ಲಂತೂ ಅದು ದೊಡ್ಡ ರಫ್ತಿನ ಉದ್ಯಮವಾಯಿತು. ಟಿಬೆಟ್ಟಿನ ಉಣ್ಣೆಯ ಜೊತೆಗೆ ನ್ಯೂಜಿಲೆಂಡಿನ ಉಣ್ಣೆ ಬೆರೆಯಿತು. ಮಲಗುವ ಕಂಬಳಿ ಯೂರೋಪಿನ ದಿವಾನಖಾನೆಗಳ ಅಳತೆಗೆ ಬೆಳೆಯಿತು. ನೇಯುವವರಲ್ಲಿ ನೇಪಾಳಿಗಳೇ ಹೆಚ್ಚಾದರು. ಕಸುಬು ಉಳಿಯಿತು, ಸರಿ. ಯಾರ ಕಸುಬಾಗಿ ಉಳಿಯಿತು?

ಬೈಲಕುಪ್ಪೆಯಲ್ಲಿ ನೇಯುತ್ತಿದ್ದ ವೃದ್ಧೆಯನ್ನು ಕೇಳಿದೆ: “ತಾಯಿ, ಇಲ್ಲಿಯ ಸೆಕೆಯಲ್ಲೂ ಇದರ ಮೇಲೆ ಮಲಗುತ್ತೀರಾ?” ಆಕೆ ನಕ್ಕರು. “ಇಲ್ಲ ಸ್ವಾಮಿ. ಹೊಸ ವರ್ಷದ ದಿನ ಹಾಸುತ್ತೇವೆ.”

“ಮಗಳಿಗೂ ಕಲಿಸಿದ್ದೀರಾ?”

“ಅವಳು ಓದಿದಳು” ಎಂದರು. ಆ ಮಾತಿನಲ್ಲಿ ಹೆಮ್ಮೆಯಿತ್ತು, ದುಃಖವಿತ್ತೆಂದು ಹೇಳಲಾರೆ. ಬದುಕೆಲ್ಲ ಮಕ್ಕಳನ್ನು ಓದಿಸಿದ ನನಗೆ ಏನು ಹೇಳಬೇಕೆಂದು ತೋಚಲಿಲ್ಲ. ಗ್ರಂಥದಲ್ಲಿರುವುದು ಓದುಗನಿಗಾಗಿ ನೂರು ವರ್ಷ ಕಾದೀತು. ಬೆರಳಿನಲ್ಲಿರುವುದಕ್ಕೆ ಇನ್ನೊಂದು ಬೆರಳು ಬೇಕು, ಅದೂ ಈ ಬೆರಳು ಆಡುತ್ತಿರುವಾಗಲೇ. ಆಕೆ ಮತ್ತೆ ಸರಳಿನತ್ತ ತಿರುಗಿದರು. ಸಾಲು ಇನ್ನೂ ಅರ್ಧವಿತ್ತು.