ಬ್ರೇಕ್ ಪೆಡಲು ಮೆತ್ತಗಾದಾಗ

ಕನ್ನಡ ಪಂಡಿತನಾದವನು ಮೋಟಾರು ಗಾಡಿಯ ಬ್ರೇಕನ್ನು ಕುರಿತು ಮಾತನಾಡಲು ಬಂದಿದ್ದಾನೆಂದು ನಿಮಗೆ ನಗು ಬಂದರೆ ತಪ್ಪಲ್ಲ. ಸಮಾಸ ಬಿಡಿಸುವ ಮೇಷ್ಟರು ಸಿಲಿಂಡರು ಬಿಚ್ಚಲು ಹೊರಟರೆಂದು ನಮ್ಮ ಶಾಲೆಯ ಹುಡುಗರೂ ನಕ್ಕರು. ಆದರೆ ನಾನಿರುವ ಊರು ಅಂಥದು. ನಂದಿದುರ್ಗವೆಂದರೆ ಹೊರಗಿನವರಿಗೆ ತಂಪಾದ ಬೆಟ್ಟ. ಕೋಲಾರದ ಚಿನ್ನದ ಗಣಿಯ ಸೀಮೆಯಲ್ಲಿ ಬೆಳೆದ ನಮಗೆ ಅದು ಅದೇ ಹೆಸರಿನ ಒಂದು ಗಣಿ. 2001ನೆಯ ಇಸವಿ ಫೆಬ್ರವರಿ 28ರಂದು ನಮ್ಮ ಗಣಿಗಳು ಮುಚ್ಚಿದುವು. ಅನಂತರ ಕೆಲವರು ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೊರಟರು. ಕೆಲವರು ಸಾಲ ಮಾಡಿ ಒಂದೊಂದು ಗಾಡಿ ಕೊಂಡರು. ನನ್ನ ತಮ್ಮನ ಮಗ ಈ ಎರಡನೆಯ ಗುಂಪಿನವನು. ಅವನದೊಂದು ಹಳೆಯ ಪಿಕಪ್ ಗಾಡಿ. ಬಂಗಾರಪೇಟೆಯ ಸುತ್ತಣ ತೋಟಗಳಿಂದ ಟೊಮ್ಯಾಟೊ ತುಂಬಿ ಕೋಲಾರದ ಮಾರುಕಟ್ಟೆಗೆ ಹಾಕುವುದು, ಬಾಡಿಗೆ ಸಿಕ್ಕಿದರೆ ಮುಳಬಾಗಿಲು, ನಂಗಲಿ, ಪಲಮನೇರು ದಾಟಿ ಚಿತ್ತೂರಿನ ಕಡೆಗೆ ಹೋಗುವುದು ಅವನ ಕಸುಬು. 15 ಕೆ.ಜಿ.ಯ ನೂರು ಬಾಕ್ಸು ಏರಿಸಿದರೆ ಒಂದೂವರೆ ಟನ್ನಾಯಿತು.

ಒಂದು ದಿನ ಅವನ ಪಕ್ಕದಲ್ಲಿ ಕುಳಿತು ಬರುತ್ತಿದ್ದೆ. ಬ್ರೇಕು ಹಾಕಬೇಕಾದಾಗಲೆಲ್ಲ ಅವನು ಪೆಡಲನ್ನು ಎರಡು ಸಲ ತುಳಿಯುತ್ತಿದ್ದ. ಏಕಪ್ಪ ಎಂದು ಕೇಳಿದೆ. "ಮೊದಲನೆಯದಕ್ಕೆ ಮೆತ್ತಗಿರುತ್ತೆ ದೊಡ್ಡಪ್ಪ, ಎರಡನೆಯದಕ್ಕೆ ಹಿಡಿಯುತ್ತೆ. ಅಭ್ಯಾಸ ಆಗಿಹೋಗಿದೆ" ಎಂದ. ಆ ಅಭ್ಯಾಸವನ್ನು ಕುರಿತೇ ನಾನು ಈ ಹೊತ್ತು ಮಾತನಾಡಬೇಕೆಂದಿರುವುದು.

ಪೆಡಲು ಮೆತ್ತಗಾಗುವುದೆಂದರೇನು? ನಮ್ಮ ವಿಜ್ಞಾನದ ಮೇಷ್ಟರು ಎರಡು ಪಿಚಕಾರಿಗಳನ್ನು ತಂದು ತೋರಿಸಿದರು. ಒಂದರಲ್ಲಿ ನೀರು ತುಂಬಿ ಬಾಯಿಗೆ ಬೆರಳಿಟ್ಟು ಒತ್ತಿದರೆ ಹಿಡಿ ಅಲ್ಲಾಡುವುದಿಲ್ಲ. ಇನ್ನೊಂದರಲ್ಲಿ ಬರಿಯ ಗಾಳಿ. ಅದು ಅರ್ಧದವರೆಗೂ ಕುಗ್ಗುತ್ತದೆ. ಗಾಡಿಯ ಬ್ರೇಕಿನ ಗುಟ್ಟೆಲ್ಲ ಇಷ್ಟೆ. ಪೆಡಲಿನ ಬಳಿ ಮಾಸ್ಟರ್ ಸಿಲಿಂಡರು, ಗಾಲಿಗಳ ಬಳಿ ಚಿಕ್ಕ ಸಿಲಿಂಡರುಗಳು, ನಡುವೆ ಕೊಳವೆ. ಕೊಳವೆಯ ತುಂಬ ಎಣ್ಣೆಯೇ ಇದ್ದರೆ ಕಾಲಿನ ಒತ್ತಡ ಹಾಗೆಯೇ ಗಾಲಿಗೆ ಮುಟ್ಟುತ್ತದೆ. ಗಾಳಿಯ ಗುಳ್ಳೆ ಸೇರಿದರೆ ಕಾಲಿನ ಶ್ರಮವೆಲ್ಲ ಗುಳ್ಳೆಯನ್ನು ಹಿಂಡುವುದರಲ್ಲೇ ಮುಗಿಯುತ್ತದೆ. ಎರಡು ಸಲ ತುಳಿದಾಗ ಗಟ್ಟಿಯಾಯಿತೆಂದರೆ ರೋಗ ವಾಸಿಯಾಯಿತೆಂದಲ್ಲ, ಅದನ್ನು ಮುಚ್ಚಿಟ್ಟಂತಾಯಿತು.

ಹುಡುಗ ಒಬ್ಬ ಮೆಕ್ಯಾನಿಕ್ಕನಿಗೆ ತೋರಿಸಿಯೂ ಇದ್ದ. ಆತ ಏರ್ ತೆಗೆದುಕೊಟ್ಟ. ಒಂದು ವಾರ ಸರಿಯಿತ್ತು, ಮತ್ತೆ ಮೆತ್ತಗಾಯಿತು. ಮತ್ತೆ ಏರ್ ತೆಗೆಸಿದ. ಡಬ್ಬಿಯಲ್ಲಿ ಬ್ರೇಕ್ ಆಯಿಲು ಸ್ವಲ್ಪ ಕಡಿಮೆಯಾದಾಗಲೆಲ್ಲ ತಾನೇ ಸುರಿದುಕೊಳ್ಳುತ್ತಿದ್ದ. ಗಾಳಿ ಯಾವ ದಾರಿಯಿಂದ ಒಳಗೆ ಬಂತು, ಎಣ್ಣೆ ಯಾವ ದಾರಿಯಿಂದ ಹೊರಗೆ ಹೋಯಿತು ಎಂದು ಯಾರೂ ಕೇಳಲಿಲ್ಲ.

ಹೀಗಿರುವಾಗ ಚಿತ್ತೂರಿನ ಬಾಡಿಗೆ ಬಂತು. ಪಲಮನೇರು ಕಳೆದ ಮೇಲೆ ಮೊಗಿಲಿ ಘಾಟಿಯ ಇಳಿಜಾರಿದೆ. ಆ ದಾರಿ ಬಲ್ಲವರಿಗೆ ಅದರ ಹೆಸರೇ ಸಾಕು. ತುಂಬಿದ ಗಾಡಿ, ಹುಡುಗ ಇಳಿಜಾರಿನುದ್ದಕ್ಕೂ ಬ್ರೇಕನ್ನು ಒತ್ತಿಯೇ ಇದ್ದ. ನಡುದಾರಿಯಲ್ಲಿ ಪೆಡಲು ತಳ ಮುಟ್ಟಿತು; ಎರಡನೆಯ ತುಳಿತಕ್ಕೂ ಹಿಡಿಯಲಿಲ್ಲ. ದೈವವಶಾತ್ ಬುದ್ಧಿ ಕೆಡಲಿಲ್ಲ. ಇಂಜಿನ್ನನ್ನು ಆರಿಸದೆ ಒಂದೊಂದೇ ಗೇರು ಕೆಳಗಿಳಿಸಿ, ಹ್ಯಾಂಡ್ ಬ್ರೇಕನ್ನು ಮೆಲ್ಲನೆ ಎಳೆಯುತ್ತ, ರಸ್ತೆ ಅಗಲವಾದ ಕಡೆ ಅಂಚಿಗೆ ತಂದು ನಿಲ್ಲಿಸಿದ. ಅರ್ಧ ಗಂಟೆ ಕಳೆದ ಮೇಲೆ ತುಳಿದು ನೋಡಿದರೆ ಪೆಡಲು ಮೊದಲಿನಂತೆ ಎದ್ದಿತ್ತು! ಸರಿಹೋಯಿತೆಂದುಕೊಂಡು ಚಿತ್ತೂರಿಗೆ ಹೋಗಿ ಸರಕು ಇಳಿಸಿ ಬಂದ. ಈ ಸಂಗತಿಯನ್ನು ಅವನು ಮನೆಯಲ್ಲಿ ಹೇಳಿದ್ದು ನಾಲ್ಕು ದಿನದ ಮೇಲೆ. ಅವನ ತಾಯಿ ಆ ರಾತ್ರಿ ಊಟ ಮಾಡಲಿಲ್ಲ.

ಮರುದಿನ ಬಂಗಾರಪೇಟೆಯಲ್ಲಿ, ಹಿಂದೆ ಗಣಿಯ ವರ್ಕ್‌ಶಾಪಿನಲ್ಲಿ ಕೆಲಸ ಮಾಡಿದ್ದ ಹಿರಿಯರೊಬ್ಬರ ಷೆಡ್ಡಿಗೆ ಗಾಡಿಯನ್ನು ಒಯ್ದೆವು. ಅವರು ಸ್ಪ್ಯಾನರನ್ನು ಮುಟ್ಟುವ ಮೊದಲು ಪೆಡಲನ್ನು ಪರೀಕ್ಷೆ ಮಾಡಿದರು. ಇಂಜಿನ್ ಆರಿಸಿ ನಾಲ್ಕೈದು ಸಲ ತುಳಿದು, ಆಮೇಲೆ ಒಂದೇ ಸಮನೆ ಒತ್ತಿ ಹಿಡಿದರು. ಹಾಗೆ ಹಿಡಿದಾಗ ಪೆಡಲು ಮೆಲ್ಲಮೆಲ್ಲನೆ ಕುಸಿಯುತ್ತ ಹೋಗಿ, ಹೊರಗೆಲ್ಲಿಯೂ ಎಣ್ಣೆ ಕಾಣದಿದ್ದರೆ ಮಾಸ್ಟರ್ ಸಿಲಿಂಡರಿನ ಒಳಗಣ ರಬ್ಬರು ಸವೆದಿದೆಯೆಂದು ಅರ್ಥ. ನಮ್ಮದು ಕುಸಿಯಲಿಲ್ಲ. ಕಾಲು ಹಾಗೆಯೇ ಇರಿಸಿಕೊಂಡು ಇಂಜಿನ್ ಚಾಲೂ ಮಾಡಿದಾಗ ಪೆಡಲು ಒಂದಿಷ್ಟು ಕೆಳಗಿಳಿಯಿತು. ನಾನು ಗಾಬರಿಯಾದೆ. "ಅದು ಬೂಸ್ಟರಿನ ಕೆಲಸ ಮೇಷ್ಟ್ರೇ, ಇಳಿಯಲೇಬೇಕು" ಎಂದು ಅವರು ನಕ್ಕರು.

ಆಮೇಲೆ ನೆಲದ ಮೇಲೆ ಮಲಗಿ ಒಂದೊಂದು ಗಾಲಿಯ ಒಳಮಗ್ಗುಲನ್ನೂ ಬೆರಳಿನಿಂದ ಸವರಿ ನೋಡಿದರು. ರಬ್ಬರು ಹೋಸು ಊದಿದೆಯೇ ಎಂದು ಒಬ್ಬರನ್ನು ತುಳಿಯಹೇಳಿ ಕೈಯಲ್ಲಿ ಹಿಡಿದು ಪರೀಕ್ಷಿಸಿದರು. ಹಿಂದಿನ ಎಡಗಾಲಿಯ ಡ್ರಮ್ಮಿನ ಕೆಳಗೆ ಧೂಳು ಎಣ್ಣೆಗೆ ಅಂಟಿ ಕರಿಯ ಹೆಪ್ಪಾಗಿತ್ತು. ಡ್ರಮ್ಮು ಬಿಚ್ಚಿದರು, ಗಾಲಿಯ ಸಿಲಿಂಡರಿನ ರಬ್ಬರು ಹರಿದು, ಬ್ರೇಕ್ ಶೂ ಎಣ್ಣೆಯಲ್ಲಿ ನೆನೆದಿತ್ತು. ಎಣ್ಣೆ ಹೊರಗೆ ಹೋದ ದಾರಿಯೂ ಗಾಳಿ ಒಳಗೆ ಬಂದ ದಾರಿಯೂ ಇದೇ. ಎರಡು ಸಲ ಏರ್ ತೆಗೆಸಿದ ಹಣ ನೀರಿನಲ್ಲಿ ಹೋಮವಾಗಿತ್ತು.

ಘಾಟಿಯ ಸಂಗತಿ ಬೇರೆ. ಈ ಎಣ್ಣೆಗೆ ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣವುಂಟು. ಡಾಟ್ 3 ಎಂಬ ದರ್ಜೆಯ ಹೊಸ ಎಣ್ಣೆ 205 ಡಿಗ್ರಿ ಸೆಂಟಿಗ್ರೇಡಿಗೆ ಮೊದಲು ಕುದಿಯಕೂಡದೆಂಬ ನಿಯಮವಿದೆ. ನೂರಕ್ಕೆ ಮೂರೂವರೆ ನಾಲ್ಕು ಪಾಲು ನೀರು ಸೇರಿದರೆ ಆ ಮಟ್ಟ 140ಕ್ಕೆ ಇಳಿಯುತ್ತದೆ. ಡಾಟ್ 4ರಲ್ಲಿ ಇವು 230 ಮತ್ತು 155. ಇಳಿಜಾರಿನಲ್ಲಿ ಬಿಡದೆ ಬ್ರೇಕು ಒತ್ತಿದಾಗ ಗಾಲಿಯ ಬಳಿಯ ಶಾಖ ಈ ಮಟ್ಟವನ್ನು ದಾಟಿ ಎಣ್ಣೆ ಕುದಿದು ಆವಿಯಾಗುತ್ತದೆ. ಆವಿಯೂ ಗಾಳಿಯಂತೆ ಕುಗ್ಗತಕ್ಕ ವಸ್ತು. ತಣಿದ ಮೇಲೆ ಆವಿ ಮತ್ತೆ ದ್ರವವಾಗುತ್ತದೆ, ಪೆಡಲು ಏಳುತ್ತದೆ, ಚಾಲಕ ಮೋಸಹೋಗುತ್ತಾನೆ. ನಮ್ಮ ಡಬ್ಬಿಯ ಎಣ್ಣೆ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತ್ತು. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸತಕ್ಕದ್ದನ್ನು ಕೊಂಡಂದಿನಿಂದ ಬದಲಿಸಿರಲೇ ಇಲ್ಲ.

ಹೊಸ ರಬ್ಬರು, ಹೊಸ ಶೂ ಹಾಕಿದ್ದಾಯಿತು. ಇನ್ನು ಏರ್ ತೆಗೆಯಬೇಕು. ಪೆಡಲಿನ ಮೇಲೆ ನನ್ನನ್ನೇ ಕೂರಿಸಿದರು. ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಹಿಂದಿನ ಎಡಗಾಲಿಯಿಂದ ಕೆಲಸ ಮೊದಲಾಯಿತು. ನಿಪ್ಪಲಿಗೆ ಪಾರದರ್ಶಕವಾದ ನಳಿಗೆ ಸಿಕ್ಕಿಸಿ, ಅದರ ತುದಿಯನ್ನು ಸ್ವಲ್ಪ ಎಣ್ಣೆಯಿದ್ದ ಗಾಜಿನ ಸೀಸೆಯಲ್ಲಿ ಮುಳುಗಿಸಿದರು. "ಒತ್ತಿ ಮೇಷ್ಟ್ರೇ" ಎಂದರೆ ನಾನು ಒತ್ತಬೇಕು. ಅವರು ನಿಪ್ಪಲು ಸಡಿಲಿಸಿ, ಎಣ್ಣೆ ಹರಿಸಿ, ಮತ್ತೆ ಬಿಗಿದು "ಬಿಡಿ" ಎಂದ ಮೇಲೆಯೇ ಕಾಲೆತ್ತಬೇಕು. ನಾನು ಒಮ್ಮೆ ಅವಸರಪಟ್ಟು ಮೊದಲೇ ಬಿಟ್ಟೆ. ಬಿಟ್ಟ ಗಾಳಿಯೆಲ್ಲ ಹಿಂದಿರುಗಿ ಒಳಗೆ ಹೋಯಿತು. ಅಷ್ಟು ಬೈಗಳನ್ನು ನಾನು ವಿದ್ಯಾರ್ಥಿದೆಸೆಯ ಅನಂತರ ತಿಂದಿರಲಿಲ್ಲ. ಹುಡುಗನ ಕೆಲಸ ಡಬ್ಬಿಯನ್ನು ಕಾಯುವುದು. ಅದು ಬರಿದಾದರೆ ಅಲ್ಲಿಂದಲೂ ಗಾಳಿ ನುಗ್ಗುತ್ತದೆ. ಸೀಸೆಯಲ್ಲಿ ಗುಳ್ಳೆ ನಿಂತು ತಿಳಿಯಾದ ಎಣ್ಣೆ ಬರುವವರೆಗೆ ನಾಲ್ಕು ಗಾಲಿಗೂ ಹೀಗೆಯೇ ನಡೆಯಿತು. ಗಾಲಿಗಳ ಸರದಿ ಕೆಲವು ಗಾಡಿಗಳಲ್ಲಿ ಬೇರೆಯಿರುತ್ತದೆ. ಗಾಡಿಯ ಜೊತೆ ಬರುವ ಪುಸ್ತಕದಲ್ಲಿ ಅದು ಇರುತ್ತದೆ. ಏಬಿಎಸ್ ಇರುವ ಹೊಸ ಗಾಡಿಗಳ ಕೆಲಸ ಮನೆಯ ಅಂಗಳದ್ದಲ್ಲ.

ಎಣ್ಣೆಯ ವಿಷಯದಲ್ಲಿ ಇನ್ನೊಂದು ಮಾತು. ಡಬ್ಬಿಯ ಮುಚ್ಚಳದ ಮೇಲೆ ಯಾವ ದರ್ಜೆ ಬರೆದಿದೆಯೋ ಅದನ್ನೇ ಹಾಕತಕ್ಕದ್ದು. ಸಿಕ್ಕಿತೆಂದು ಇಂಜಿನ್ ಆಯಿಲು ಸುರಿದರೆ ಒಳಗಣ ರಬ್ಬರೆಲ್ಲ ಊದಿ ಕೆಡುತ್ತದೆ. ತೆರೆದಿಟ್ಟ ಹಳೆಯ ಸೀಸೆಯ ಎಣ್ಣೆಯೂ ಕೂಡದು, ಅದು ಆಗಲೇ ತೇವ ಕುಡಿದಿರುತ್ತದೆ. ಬಣ್ಣದ ಮೇಲೆ ಚೆಲ್ಲಿದರೆ ಒಡನೆ ನೀರು ಹಾಕಿ ತೊಳೆಯಬೇಕು, ಇಲ್ಲವಾದರೆ ಬಣ್ಣ ಏಳುತ್ತದೆ.

ಸಂಜೆ ಖಾಲಿ ಗಾಡಿಯನ್ನು ಬಯಲಿನಲ್ಲಿ ನಿಧಾನವಾಗಿ ಓಡಿಸಿ ನೋಡಿದೆವು. ಹುಡುಗನ ಕಾಲು ಹಳೆಯ ಚಾಳಿಯಂತೆ ಎರಡು ಸಲ ತುಳಿಯಿತು; ಮೊದಲನೆಯದಕ್ಕೇ ಗಾಡಿ ಗಕ್ಕನೆ ನಿಂತು ನಮ್ಮಿಬ್ಬರ ಹಣೆಯೂ ಮುಂದಕ್ಕೆ ಹೋಯಿತು. ಆ ಚಾಳಿ ಬಿಡಲು ಅವನಿಗೆ ಒಂದು ತಿಂಗಳು ಹಿಡಿಯಿತು. ಎಣ್ಣೆ ಬದಲಿಸಿದ ತಾರೀಖನ್ನು ನಾನೇ ಒಂದು ಚೀಟಿಯಲ್ಲಿ ಕನ್ನಡ ಅಂಕಿಗಳಲ್ಲಿ ಬರೆದು ಸ್ಟೀರಿಂಗಿನ ಪಕ್ಕದಲ್ಲಿ ಅಂಟಿಸಿದ್ದೇನೆ.